ಮನೆಗೆ ನೀವೇ ಮೆಟಲ್ ಶೀಟು ಹೊದಿಸೋದು ಹೇಗೆ: ಗೋಡೆಯ ಹಿಡಿತದಿಂದ ಮೊದಲ ಮಳೆಯವರೆಗೆ

ನಮ್ಮ ದನದ ಕೊಟ್ಟಿಗೆಯ ಶೀಟು ಒಂದು ಮೇ ತಿಂಗಳ ಸಂಜೆ ಎದ್ದು, ಪಕ್ಕದವರ ದ್ರಾಕ್ಷಿ ಚಪ್ಪರದ ಮೇಲೆ ಹೋಗಿ ಕೂತಿತು. ಮಳೆ ಇನ್ನೂ ಶುರುವೇ ಆಗಿರಲಿಲ್ಲ, ಬರೀ ಗಾಳಿ. ಶೀಟು ಹೊಸದು. ಒಂದು ಸ್ಕ್ರೂ ಕೂಡ ಕಿತ್ತಿರಲಿಲ್ಲ. ಶೀಟು, ಪೈಪು, ವೆಲ್ಡಿಂಗು ಎಲ್ಲ ಸೇರಿ ಒಂದೇ ತಟ್ಟೆಯ ಥರ ಮೇಲೆದ್ದು ಹೋಗಿತ್ತು. ಆ ಚೌಕಟ್ಟನ್ನು ಗೋಡೆಗೆ ಹಿಡಿಸಿದ್ದು ಬೈಂಡಿಂಗ್ ವೈರಿನಲ್ಲಿ, ಮೇಲೆ ಒಂದು ಹಿಡಿ ಗಾರೆ. "ಇಷ್ಟು ಭಾರ, ಎಲ್ಲಿಗೆ ಹೋಗ್ತದೆ ಬಿಡಣ್ಣ" ಅಂತ ಹಾಕಿದವರು ಹೇಳಿದ್ದರು. ನಾನೂ ಹೂಂ ಅಂದಿದ್ದೆ.

ಮುಂದಿನ ಚಳಿಗಾಲದಲ್ಲಿ ಮನೆಯ ಸರದಿ ಬಂತು. ಚಿಕ್ಕಬಳ್ಳಾಪುರದ ಕಡೆ, ನಂದಿ ಬೆಟ್ಟ ಕಾಣುವ ಊರು ನಮ್ಮದು. 20 ಅಡಿ ಅಗಲ, 30 ಅಡಿ ಉದ್ದದ ಹೆಂಚಿನ ಮನೆ. ಜಂತೆಗಳಿಗೆ ಗೆದ್ದಲು ಹಿಡಿದಿತ್ತು. ಈ ಸಲ ನಾನು, ನನ್ನ ಭಾವಮೈದ ಸೇರಿ ನಾವೇ ಮಾಡಿದೆವು. ವೆಲ್ಡಿಂಗಿಗೆ ಮಾತ್ರ ಮೂರು ದಿನ ಒಬ್ಬರನ್ನು ಕರೆದೆವು. ಅದೇ ಮನೆಯ ಅಳತೆ ಹಿಡಿದು ಇಲ್ಲಿ ಹೇಳುತ್ತೇನೆ. ನಿಮ್ಮ ಅಳತೆ ಬೇರೆ ಇರುತ್ತದೆ, ಲೆಕ್ಕ ಮಾಡುವ ರೀತಿ ಒಂದೇ.

ಮೊದಲು ಗಾಳಿಯ ಲೆಕ್ಕ

ಶೀಟು ಅಂದ ತಕ್ಷಣ ಎಲ್ಲರೂ ಮಳೆ ಬಗ್ಗೆ ಯೋಚಿಸುತ್ತಾರೆ. ಸೋರಿದರೆ ಒಂದು ಬಕೆಟ್ ಇಡಬಹುದು. ಹಾರಿಹೋದರೆ ಏನಿಡ್ತೀರಿ?

ಗಾಳಿಯ ಹೊರೆಗೆ ಐಎಸ್ 875 ಅನ್ನುವ ಭಾರತೀಯ ಕಟ್ಟಡ ಕೋಡ್ ಇದೆ. ಅದರಲ್ಲಿ ಬೆಂಗಳೂರಿಗೆ ಕೊಟ್ಟಿರುವ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ನಾವು ಪಕ್ಕದವರೇ, ಅದನ್ನೇ ಹಿಡಿಯೋಣ. ಒತ್ತಡ ತಿಳಿಯೋಕೆ ವೇಗವನ್ನು ವೇಗದಿಂದಲೇ ಗುಣಿಸಿ 0.6ರಿಂದ ಗುಣಿಸಬೇಕು. 653 ನ್ಯೂಟನ್ ಬರುತ್ತದೆ. ನಮ್ಮ ಭಾಷೆಯಲ್ಲಿ ಚದರ ಮೀಟರಿಗೆ ಸುಮಾರು 66 ಕೆಜಿ.

ಈಗ ಶೀಟಿನ ಭಾರ ನೋಡಿ. 0.5 ಎಂಎಂ ಶೀಟು ಚದರ ಮೀಟರಿಗೆ ನಾಲ್ಕೂವರೆ ಕೆಜಿ ಆಸುಪಾಸು. ನಮ್ಮ ಮನೆಯ ಮಾಡು ಸುಮಾರು 71 ಚದರ ಮೀಟರ್. ಪೈಪು, ಶೀಟು ಎಲ್ಲ ಸೇರಿ ಮುಕ್ಕಾಲು ಟನ್. ಗಾಳಿ ಎತ್ತಬಹುದಾದ ಬಲ ನಾಲ್ಕೂವರೆ ಟನ್ನಿಗಿಂತ ಜಾಸ್ತಿ. ಇಡೀ ಮಾಡಿನ ಮೇಲೆ ಒಂದೇ ಸಲಕ್ಕೆ ಅಷ್ಟು ಬೀಳೋದಿಲ್ಲ ಅನ್ನಿ. ಆದರೆ ಅಂಚು, ಮೂಲೆಗಳಲ್ಲಿ ಇದಕ್ಕಿಂತಲೂ ಜಾಸ್ತಿ ಎಳೆತ ಇರುತ್ತದೆ. ಹೆಂಚು ತನ್ನ ಭಾರದಲ್ಲೇ ಕೂತಿರುತ್ತದೆ, ಎದ್ದರೆ ನಾಲ್ಕು ಹೆಂಚು ಏಳುತ್ತದೆ. ಶೀಟು ಎದ್ದರೆ ಇಡೀ ಮಾಡೇ ಏಳುತ್ತದೆ. ಅದಕ್ಕೇ ನಾನು ದುಡ್ಡನ್ನು ಶೀಟಿನ ಬಣ್ಣಕ್ಕಿಂತ ಗೋಡೆಯ ಹಿಡಿತಕ್ಕೆ ಜಾಸ್ತಿ ಹಾಕಿದೆ.

ಯಾವಾಗ, ಯಾರ ಜೊತೆ

ಸಂಕ್ರಾಂತಿ ಕಳೆದ ಮೇಲೆ ಶುರು ಮಾಡಿ, ಯುಗಾದಿಗೆ ಮುಗಿಸಿಬಿಡಿ. ಏಪ್ರಿಲ್ ಕೊನೆಗೆ ಭರಣಿ ಮಳೆ ಗುಡುಗು, ಗಾಳಿ, ಕೆಲವು ಸಲ ಆಲಿಕಲ್ಲು ಜೊತೆಗೇ ಬರುತ್ತದೆ. ಅರ್ಧ ಸ್ಕ್ರೂ ಹೊಡೆದ ಶೀಟು ಮೇಲಿದ್ದಾಗ ಅಂಥ ಗಾಳಿ ಬಂದರೆ ಆ ಶೀಟು ಕತ್ತಿ ಇದ್ದ ಹಾಗೆ.

ಇಬ್ಬರು ಮೇಲೆ, ಇಬ್ಬರು ಕೆಳಗೆ ಬೇಕು. ವೆಲ್ಡಿಂಗ್ ಗೊತ್ತಿಲ್ಲದಿದ್ದರೆ ಇಲ್ಲಿ ಕಲಿಯಬೇಡಿ. ನೆಲದಂತಸ್ತಿನ ಮನೆಯಾದರೆ ನೀವೇ ಮಾಡಬಹುದು. ಎರಡನೇ ಅಂತಸ್ತಿನ ಮೇಲಾದರೆ ಕೆಲಸದವರಿಗೆ ಬಿಡಿ, ನೀವು ಪಕ್ಕದಲ್ಲಿ ನಿಂತು ಸ್ಕ್ರೂ ಎಣಿಸಿ.

ಮನೆಗೆ ಬರುವ ಕರೆಂಟ್ ಸರ್ವೀಸ್ ವೈರು ಎಲ್ಲಿದೆ ಅಂತ ಮೊದಲ ದಿನವೇ ನೋಡಿ. 12 ಅಡಿ ಶೀಟನ್ನು ನಿಲ್ಲಿಸಿ ತಿರುಗಿಸಿದರೆ ತುದಿ ಎಲ್ಲಿಗೆ ಬೇಕಾದರೂ ತಾಗುತ್ತದೆ. ನಮ್ಮ ವೈರು ಸೂರಿನ ಮೂಲೆಯಲ್ಲೇ ಇತ್ತು. ಬೆಸ್ಕಾಂಗೆ ಹೇಳಿ ಸರಿಸಿಕೊಂಡೆವು. ಇದನ್ನು ನಾವೇ ಮುಟ್ಟುವ ಹಾಗಿಲ್ಲ. ಸಹಾಯವಾಣಿ 1912.

ಅಳತೆ ಮತ್ತು ವಾಟ

ನಾಲ್ಕು ಗೋಡೆ ಅಳೆದರೆ ಸಾಲದು, ಮೂಲೆಯಿಂದ ಮೂಲೆಗೂ ಅಳೆಯಿರಿ. 20ಕ್ಕೆ 30ರ ಮನೆಗೆ ಎರಡೂ ಕರ್ಣ 36 ಅಡಿ ಮುಕ್ಕಾಲು ಇಂಚಿನ ಹತ್ತಿರ ಬರಬೇಕು. ನಮ್ಮ ಮನೆಯಲ್ಲಿ ನಾಲ್ಕು ಇಂಚು ವ್ಯತ್ಯಾಸ ಬಂತು. ತಾತನ ಕಾಲದ ಗೋಡೆ, ಏನು ಮಾಡೋದು. ಇಂಥ ಕಡೆ ಗೋಡೆಯ ಸೊಟ್ಟಕ್ಕೆ ಪೈಪನ್ನು ಸೊಟ್ಟ ಮಾಡಬೇಡಿ. ಚೌಕಟ್ಟನ್ನು ಮೂಲೆಮಟ್ಟಕ್ಕೆ ಸರಿಯಾಗಿ ಕೂರಿಸಿ. ಗೋಡೆಯ ತಪ್ಪು ಸೂರಿನ ಕೆಳಗೆ ಮುಚ್ಚಿಹೋಗುತ್ತದೆ.

ವಾಟ, ಅಂದರೆ ಇಳಿಜಾರು, ಎಷ್ಟಿರಬೇಕು? ಸ್ಕ್ರೂ ಹೊಡೆಯುವ ಶೀಟಿಗೆ ಅಡಿಗೆ ಒಂದು ಇಂಚಿಗಿಂತ ಕಡಿಮೆ ಯಾವತ್ತೂ ಬೇಡ. ಎರಡು ಇಂಚು ಚೆನ್ನ. ನಾವು ಅಡಿಗೆ 3 ಇಂಚು ಕೊಟ್ಟೆವು, ಹಳೆ ಮನೆಯ ರೂಪ ಉಳಿಯಲಿ ಅಂತ. ಗೋಡೆಯಿಂದ ನಡುವಿಗೆ, ಅಂದರೆ ಎರಡು ಇಳಿಜಾರು ಮೇಲೆ ಸೇರುವ ಜಾಗಕ್ಕೆ, 10 ಅಡಿ, ಆದ್ದರಿಂದ ನಡು 30 ಇಂಚು ಎತ್ತರ. ಸೂರು ಒಂದೂವರೆ ಅಡಿ ಹೊರಗೆ. ಇಳಿಜಾರಿನ ಉದ್ದ 11 ಅಡಿ 10 ಇಂಚು ಬಂತು, 12 ಅಡಿಯ ಶೀಟು ಹೇಳಿದೆವು. ಎರಡು ತುಂಡು ಸೇರಿಸುವ ಕೆಲಸ ತಪ್ಪಿತು. ಸೂರಿಂದ ನಡುವಿನವರೆಗೆ ಒಂದೇ ಉದ್ದದ ಶೀಟು ಸಿಗುವಾಗ ಜೋಡಣೆ ಯಾಕೆ? ಸೇರಿಸಲೇಬೇಕಾದರೆ ಮೇಲಿನ ತುಂಡು ಕೆಳಗಿನದರ ಮೇಲೆ ಕನಿಷ್ಠ 6 ಇಂಚು, ವಾಟ ಕಡಿಮೆ ಇದ್ದರೆ 9 ಇಂಚು ಬರಲಿ. ಆ ಸೇರುವ ಜಾಗ ಪೈಪಿನ ಮೇಲೇ ಬರಬೇಕು.

ಸೂರು ಜಾಸ್ತಿ ಚಾಚಿಸೋ ಆಸೆ ಎಲ್ಲರಿಗೂ ಇರುತ್ತದೆ. ಜಗಲಿಗೆ ನೆರಳಾಗುತ್ತೆ, ನಿಜ. ಆದರೆ ಗಾಳಿ ಕೈ ಹಾಕಿ ಎತ್ತೋದು ಅಲ್ಲಿಂದಲೇ. ಎರಡು ಅಡಿಗಿಂತ ಹೊರಗೆ ಬೇಕಿದ್ದರೆ ಅಲ್ಲಿಗೇ ಬೇರೆ ಕಂಬ ಕೊಡಿ.

ಶೀಟಿನ ಸಂಖ್ಯೆ ಹೀಗೆ. ಉದ್ದ 30 ಅಡಿ, ಎರಡು ತುದಿಗೆ ಒಂದೊಂದು ಅಡಿ ಹೊರಗೆ, ಒಟ್ಟು 32 ಅಡಿ. ಮೀಟರಿನಲ್ಲಿ 9.75. ಶೀಟಿನ ಪೂರ್ತಿ ಅಗಲ ಮೂರೂವರೆ ಅಡಿ ಅಂತ ಹೇಳುತ್ತಾರೆ, ಆದರೆ ಒಂದರ ಮೇಲೊಂದು ಕೂತ ಮೇಲೆ ಮುಚ್ಚೋದು ಸುಮಾರು 1 ಮೀಟರ್ ಮಾತ್ರ. ಒಂದು ಕಡೆಗೆ 10, ಎರಡು ಕಡೆಗೆ 20 ಶೀಟು. ಪೂರ್ತಿ ಅಗಲ ಹಿಡಿದು ಲೆಕ್ಕ ಹಾಕಿದರೆ ಒಂದು ಕಡೆಗೆ ಒಂಬತ್ತರ ಹತ್ತಿರ ಬರುತ್ತದೆ, ಒಂಬತ್ತೇ ಸಾಕು ಅಂದುಕೊಂಡರೆ ಕೊನೆಗೆ ಎರಡು ಶೀಟು ಕಡಿಮೆ ಬೀಳುತ್ತದೆ. ಎರಡು ಶೀಟಿಗೆ ಮತ್ತೆ ಗಾಡಿ ಬಾಡಿಗೆ.

ಅಂಗಡಿಯಲ್ಲಿ ಏನು ಕೇಳಬೇಕು

ಬಣ್ಣ ಆಮೇಲೆ. ಮೊದಲು ದಪ್ಪ ಕೇಳಿ, ಆಮೇಲೆ "ಯಾವ ದಪ್ಪ" ಅಂತ ಕೇಳಿ. 0.5 ಎಂಎಂ ಅಂದರೆ ಲೇಪನ, ಪೇಂಟು ಸೇರಿದ ದಪ್ಪ. ಒಳಗಿನ ಉಕ್ಕು ಸುಮಾರು 0.45. ಕೆಲವು ಕಡೆ 0.35, 0.40 ತೋರಿಸಿ "ಎಲ್ಲ ಒಂದೇ ಸಾರ್" ಅನ್ನುತ್ತಾರೆ. ಒಂದೇ ಅಲ್ಲ. ಬೆಟ್ಟದ ಕೋತಿಗಳು ಒಂದು ಸಲ ಮರದಿಂದ ಹಾರಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಒಳ್ಳೆ ಕಂಪನಿಯ ಶೀಟಿನ ಹಿಂಬದಿಯಲ್ಲಿ ಹೆಸರು, ದಪ್ಪ ಅಚ್ಚಾಗಿರುತ್ತದೆ. ಇಪ್ಪತ್ತು ಶೀಟಿನಲ್ಲೂ ಇದೆಯಾ ನೋಡಿ. ಸ್ಕ್ರೂ ಗೇಜ್ ಇರುವ ಸ್ನೇಹಿತರಿದ್ದರೆ ಕರೆದುಕೊಂಡು ಹೋಗಿ.

ಲೇಪನದಲ್ಲಿ ಎರಡು ಬಗೆ. ಬರೀ ಸತುವಿನದು ಜಿಐ. ಅಲ್ಯೂಮಿನಿಯಂ ಮತ್ತು ಸತು ಬೆರೆಸಿದ್ದು ಗ್ಯಾಲ್ವಲ್ಯೂಮ್, ಅದರಲ್ಲಿ 55% ಅಲ್ಯೂಮಿನಿಯಂ. ಮನೆಗೆ ಎರಡನೆಯದೇ ಇರಲಿ, ತುಕ್ಕು ತಡೆಯುವ ತಾಕತ್ತು ಜಾಸ್ತಿ. ಲೇಪನ ಚದರ ಮೀಟರಿಗೆ 150 ಗ್ರಾಂ ಇದೆಯಾ ಅಂತ ಕೇಳಿ. ಇದು ಎರಡೂ ಮುಖ ಸೇರಿದ ತೂಕ. ಅಂಗಡಿಯವರು ಇದನ್ನು ಎಜೆಡ್ 150 ಅನ್ನುತ್ತಾರೆ. ಕೊಟ್ಟಿಗೆಗೆ ಮಾತ್ರ ಒಂದು ಮಾತು: ಗಂಜಲದ ಆವಿ ಯಾವ ಶೀಟನ್ನೂ ಕೆಳಗಿನಿಂದ ತಿನ್ನುತ್ತದೆ. ಅಲ್ಲಿ ಗಾಳಿ ಆಡಲು ಬಿಡಿ.

ಪೈಪನ್ನು ತೂಕಕ್ಕೆ ಹಾಕಿಸಿ. 2 ಇಂಚು ಚೌಕದ, 2 ಎಂಎಂ ದಪ್ಪದ, 20 ಅಡಿಯ ಒಂದು ಬಾಕ್ಸ್ ಪೈಪ್ ಸುಮಾರು 18 ಕೆಜಿ ತೂಗಬೇಕು. ನಮಗೆ ಮೊದಲು ತೋರಿಸಿದ್ದು 14 ಕೆಜಿ ತೂಗಿತು. ಹೊರಗಿನಿಂದ ನೋಡಿದರೆ ಎರಡೂ ಅವಳಿ ಜವಳಿ.

ನಮ್ಮ ಪಟ್ಟಿ ಹೀಗಿತ್ತು. ರಾಫ್ಟರಿಗೆ, ಅಂದರೆ ಗೋಡೆಯಿಂದ ನಡುವಿಗೆ ಏರುವ ಓರೆ ಪೈಪಿಗೆ, 3×1.5 ಇಂಚು. ಅಡ್ಡ ಪೈಪಿಗೆ, ಅಂದರೆ ಪರ್ಲಿನ್ನಿಗೆ, 2×1 ಇಂಚು, 20 ಅಡಿಯದು 14. ಎಡಬಲದ ರಾಫ್ಟರನ್ನು ಕೆಳಗೆ ಸೇರಿಸಲು 2×2 ಪೈಪು 6. ವಾಷರ್ ಇರುವ 55 ಎಂಎಂ ಸ್ವಯಂ ಕೊರೆಯುವ ಸ್ಕ್ರೂ 350, ಶೀಟಿಗೆ ಶೀಟು ಹೊಲಿಯುವ ಸಣ್ಣ ಸ್ಕ್ರೂ 200. ನಡುವನ್ನು ಮುಚ್ಚುವ ರಿಡ್ಜ್ ಕ್ಯಾಪು, ಅಂಚಿನ ಪಟ್ಟಿ, ಗಟರು. ಸ್ಕ್ರೂವಿನ ವಾಷರ್ ಇಪಿಡಿಎಂ ರಬ್ಬರಿನದೇ ಬೇಕು. ಉಗುರಿನಲ್ಲಿ ಒತ್ತಿ ನೋಡಿ. ಗಟ್ಟಿ ಪ್ಲಾಸ್ಟಿಕ್ ಥರ ಇದ್ದರೆ ನಮ್ಮ ಬಿಸಿಲಿಗೆ ಎರಡು ಬೇಸಿಗೆಯಲ್ಲಿ ಒಡೆಯುತ್ತದೆ.

ಹಳೇ ಮಾಡು ಇಳಿಸುವಾಗ

ಹೆಂಚನ್ನು ನಡುವಿನಿಂದ ಕೆಳಕ್ಕೆ, ಎರಡೂ ಕಡೆ ಸಮವಾಗಿ ಇಳಿಸಿ. ಒಂದೇ ಕಡೆ ಖಾಲಿ ಮಾಡಿದರೆ ಹಳೇ ಜಂತೆ ಇನ್ನೊಂದು ಕಡೆ ವಾಲುತ್ತದೆ. ಒಳ್ಳೆ ಮಂಗಳೂರು ಹೆಂಚನ್ನು ಎಸೆಯಬೇಡಿ, ಕೊಳ್ಳುವವರು ಇದ್ದಾರೆ.

ಸಿಮೆಂಟ್ ಶೀಟಾದರೆ ಎಚ್ಚರ. ಹಳೇ ಸಿಮೆಂಟ್ ಶೀಟಿನಲ್ಲಿ ಆಸ್ಬೆಸ್ಟಾಸ್ ನಾರು ಇರುತ್ತದೆ. ಒಡೆದರೆ, ಕೊರೆದರೆ ಅದರ ಧೂಳು ಶ್ವಾಸಕೋಶಕ್ಕೆ ಹೋಗಿ ಕ್ಯಾನ್ಸರ್ ತರಬಲ್ಲದು. ನೀರು ಚಿಮುಕಿಸಿ, ನಟ್ಟು ಬಿಚ್ಚಿ, ಇಡೀ ಶೀಟನ್ನೇ ಇಳಿಸಿ. ಒಳ್ಳೆ ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಕಳಿಸಿ. ಅದರ ಮೇಲೆ ಕಾಲಿಡಲೇಬೇಡಿ. ಹಳೇದಾದ ಮೇಲೆ ಅದು ಹಪ್ಪಳ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕಲ್ಲು ಚಪ್ಪಡಿಯ ಮನೆಗಳೂ ಬಹಳ ಇವೆ. ಸೋರುತ್ತದೆ ಅಂತ ಮೇಲೆ ಶೀಟು ಹಾಕುವವರು ಚಪ್ಪಡಿ ತೆಗೆಯೋದು ಬೇಡ. ಕಂಬದ ಕಾಲನ್ನು ಮಾತ್ರ ಗೋಡೆಯ ನೇರಕ್ಕೇ ಇಡಿ. ಚಪ್ಪಡಿಯ ನಡುವೆ ಇಟ್ಟರೆ ಕಲ್ಲು ಬಿರುಕು ಬಿಡಬಹುದು.

ಗೋಡೆಯ ಹಿಡಿತ

ಇದಕ್ಕೇ ಜಾಸ್ತಿ ದಿನ ಹಿಡಿಯಿತು. ಹಿಡಿಯಲೂ ಬೇಕು.

ನಮ್ಮದು ಇಟ್ಟಿಗೆ ಗೋಡೆ. ಮೇಲಿನ ಎರಡು ವರಸೆ ಸಡಿಲವಾಗಿದ್ದವು, ಕಿತ್ತೆವು. ಸುತ್ತಲೂ 9 ಇಂಚು ಅಗಲ, 6 ಇಂಚು ದಪ್ಪದ ಕಾಂಕ್ರೀಟ್ ಬೆಲ್ಟ್ ಹಾಕಿದೆವು. ಒಳಗೆ 10 ಎಂಎಂ ಕಂಬಿ ನಾಲ್ಕು, ಅಡಿಗೊಂದು ರಿಂಗು. 100 ಅಡಿ ಸುತ್ತಳತೆಗೆ ಇಷ್ಟು ಕಾಂಕ್ರೀಟಿನ ತೂಕ ಎರಡೂವರೆ ಟನ್ ದಾಟುತ್ತದೆ. ಮಾಡಿನ ಮುಕ್ಕಾಲು ಟನ್ ಸೇರಿಸಿದರೂ ಗಾಳಿಯ ನಾಲ್ಕೂವರೆಗೆ ಸಾಕಾಗೋದಿಲ್ಲ, ಅಲ್ವಾ? ಅದಕ್ಕೆ ಪ್ರತಿ ರಾಫ್ಟರ್ ಬರುವ ಜಾಗದಲ್ಲಿ ಗೋಡೆಯೊಳಗೆ ಎರಡೂವರೆ ಅಡಿ ಆಳ ಕೊರೆದು, ಕಂಬಿ ಇಳಿಸಿ, ಸಿಮೆಂಟ್ ಹಾಲು ತುಂಬಿ, ಆ ಕಂಬಿಯನ್ನು ಬೆಲ್ಟಿಗೆ ಕಟ್ಟಿದೆವು. ಈಗ ಮಾಡು ಏಳಬೇಕಾದರೆ ಗೋಡೆಯನ್ನೂ ಕರೆದುಕೊಂಡು ಏಳಬೇಕು.

ಬೆಲ್ಟ್ ಹಾಕುವಾಗಲೇ 12 ಎಂಎಂ ಬೋಲ್ಟುಗಳನ್ನು ಕೊಕ್ಕೆಯ ತುದಿ ಕಂಬಿಯ ಕೆಳಗೆ ಸಿಕ್ಕಿಸಿ ಕೂರಿಸಿ. ಒಂದು ರಾಫ್ಟರ್ ಕಾಲಿಗೆ ಎರಡಾದರೂ ಬೇಕು. ಬೋಲ್ಟಿನ ಜಾಗ ತಪ್ಪದ ಹಾಗೆ ಬೇಸ್ ಪ್ಲೇಟಿನ, ಅಂದರೆ ರಾಫ್ಟರ್ ಕಾಲಿನ ಕೆಳಗಿನ ಉಕ್ಕಿನ ತಟ್ಟೆಯ, ಅಳತೆಯ ರಟ್ಟು ಕತ್ತರಿಸಿ, ತೂತು ಮಾಡಿ, ಅದರಲ್ಲಿ ಬೋಲ್ಟ್ ನಿಲ್ಲಿಸಿ ಕಾಂಕ್ರೀಟ್ ಸುರಿಯಿರಿ. ಭಾವಮೈದನ ಐಡಿಯಾ ಇದು. ಹನ್ನೆರಡು ಜಾಗದಲ್ಲಿ ಒಂದು ಮಾತ್ರ ಅರ್ಧ ಇಂಚು ಆಚೀಚೆ ಆಯಿತು. ಏಳು ದಿನ ಗೋಣಿಚೀಲ ಹೊದಿಸಿ ನೀರು ಹಾಕಿ. ಆ ಏಳು ದಿನ ಕಾಯಲು ಯಾರಿಗೂ ತಾಳ್ಮೆ ಇರೋದಿಲ್ಲ. ನಮ್ಮ ವೆಲ್ಡರ್ ಮೂರನೇ ದಿನವೇ ಫೋನ್ ಮಾಡಿದ್ದ.

ಮಣ್ಣಿನ ಗೋಡೆಯಾದರೆ ಬೋಲ್ಟ್ ನಿಲ್ಲೋದಿಲ್ಲ, ಪ್ರಯತ್ನವೇ ಬೇಡ. ಗೋಡೆಯ ಹೊರಗೆ ಗುಂಡಿ ತೆಗೆದು, ಕಾಂಕ್ರೀಟಿನಲ್ಲಿ ಪೈಪ್ ಕಂಬ ನಿಲ್ಲಿಸಿ. ಮಾಡು ಕಂಬದ ಮೇಲೆ ಕೂರಲಿ. ಆರ್‌ಸಿಸಿ ತಾರಸಿಯ ಮೇಲಾದರೆ ಬೇಸ್ ಪ್ಲೇಟ್, ಆಂಕರ್ ಬೋಲ್ಟ್. ಕಂಬ ಕೆಳಗಿನ ಗೋಡೆ ಅಥವಾ ಬೀಮಿನ ನೇರಕ್ಕೇ ಬರಲಿ. ಪ್ಯಾರಾಪೆಟ್ ಇಟ್ಟಿಗೆಗೆ ಮಾಡನ್ನು ಕಟ್ಟಬೇಡಿ.

ಚೌಕಟ್ಟು

ರಾಫ್ಟರುಗಳು 6 ಅಡಿಗೊಂದು, 30 ಅಡಿಗೆ ಆರು ಜೋಡಿ. ಪ್ರತಿ ಜೋಡಿಯ ಕಾಲುಗಳನ್ನು ಅಡ್ಡಕ್ಕೆ ಒಂದು ಪೈಪಿನಿಂದ ಸೇರಿಸಬೇಕು. ಇಲ್ಲದಿದ್ದರೆ ಮಾಡು ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಮೊದಲು ಎರಡು ತುದಿಯ ಜೋಡಿ ನಿಲ್ಲಿಸಿ, ನಡುವೆ ದಾರ ಎಳೆದು, ಉಳಿದದ್ದನ್ನು ದಾರಕ್ಕೆ ತಾಗಿಸಿ. ಮಟ್ಟಕ್ಕೆ ನೀರು ತುಂಬಿದ ಪಾರದರ್ಶಕ ಪೈಪೇ ಸಾಕು.

ಅಡ್ಡ ಪೈಪು ಒಂದು ಇಳಿಜಾರಿಗೆ ನಾಲ್ಕು ಸಾಲು, ನಡುವೆ ಮೂರೂವರೆ ಅಡಿ. 2×1 ಪೈಪನ್ನು ನಿಲ್ಲಿಸಿ ಕೂರಿಸಬೇಕು, ಅಂದರೆ 2 ಇಂಚು ಎತ್ತರಕ್ಕೆ. ಮಲಗಿಸಿದರೆ ಬಲ ಸುಮಾರು ಮೂರರಲ್ಲಿ ಎರಡು ಪಾಲಷ್ಟೇ ಉಳಿಯುತ್ತದೆ. ನಿಮ್ಮ ರಾಫ್ಟರುಗಳು 6 ಅಡಿಗಿಂತ ದೂರ ಇದ್ದರೆ 2×1 ಸಾಲದು, ಅಡ್ಡಕ್ಕೂ 3×1.5 ಹಾಕಿ.

ವೆಲ್ಡಿಂಗ್ ಮುಗಿದ ತಕ್ಷಣ ಕರಿ ಪದರ ಉಜ್ಜಿ ತೆಗೆದು ರೆಡ್ ಆಕ್ಸೈಡ್ ಬಳಿಯಿರಿ. ಅದು ಒಣಗಿದ ಮೇಲೆ ಎರಡು ಕೋಟ್ ಪೇಂಟು. ಶೀಟು ಕೂತ ಮೇಲೆ ಪೈಪಿನ ಮೇಲ್ಭಾಗಕ್ಕೆ ಬ್ರಷ್ ಹೋಗೋದಿಲ್ಲ, ಈಗಲೇ ಮಾಡಿ. ವೆಲ್ಡಿಂಗ್ ಎಲ್ಲ ಶೀಟು ಏರಿಸುವ ಮುಂಚೆ ಮುಗಿಯಬೇಕು. ಕಿಡಿ ಬಿದ್ದ ಕಡೆ ಲೇಪನ ಸುಟ್ಟು, ಮೊದಲ ಮಳೆಗೇ ತುಕ್ಕಿನ ಚುಕ್ಕಿ ಕಾಣುತ್ತದೆ. ಚೌಕಟ್ಟಿಗೆ ಮನೆಯ ಅರ್ಥಿಂಗ್ ಸೇರಿಸಿ. ಸ್ವಿಚ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆದು ಹಾಕಿಸಿ.

ಸೆಕೆ ಮತ್ತು ಇಬ್ಬನಿ: ಈಗಲೇ ನಿರ್ಧರಿಸಿ

ಅಮ್ಮನ ಒಂದೇ ತಕರಾರು: "ಏಪ್ರಿಲಲ್ಲಿ ಒಳಗೆ ಕೂರೋಕಾಗ್ತದೇನೋ?" ನ್ಯಾಯವಾದ ಪ್ರಶ್ನೆ. ಹೆಂಚಿನ ತಂಪು ಶೀಟಿಗೆ ಬರೋದಿಲ್ಲ. ಬಿಳಿ ಅಥವಾ ಕೆನೆ ಬಣ್ಣದ ಶೀಟು ತೊಗೊಳ್ಳಿ, ಕೆಂಪು, ನೀಲಿಗಿಂತ ಕಡಿಮೆ ಕಾಯುತ್ತದೆ. ಪೈಪಿನ ಮೇಲೆ ಬಬಲ್ ಫಾಯಿಲ್ (ಗಾಳಿಗುಳ್ಳೆ ಇರುವ ಹೊಳೆಯುವ ಹಾಳೆ) ಹಾಸಿ, ಅದರ ಮೇಲೆ ಶೀಟು ಕೂರಿಸಿ. ಸುರುಳಿಗಳು ಒಂದರ ಮೇಲೊಂದು 2 ಇಂಚು ಬರಲಿ, ಸೇರುವ ಕಡೆ ಅಲ್ಯೂಮಿನಿಯಂ ಟೇಪು. ಇದನ್ನು ಆಮೇಲೆ ಹಾಕುತ್ತೇನೆ ಅಂದರೆ ಆಗದು.

ಫಾಯಿಲಿನ ಇನ್ನೊಂದು ಉಪಯೋಗ ನನಗೆ ಗೊತ್ತಾದದ್ದು ಕೊಟ್ಟಿಗೆಯಲ್ಲಿ. ಡಿಸೆಂಬರ್ ಬೆಳಗ್ಗೆ ಐದೂವರೆಗೆ ಹಾಲು ಕರೆಯಲು ಹೋದರೆ ಕತ್ತಿನ ಮೇಲೆ ಟಪ್ ಅಂತ ತಣ್ಣನೆ ಹನಿ. ಮಳೆಯಿಲ್ಲ, ತೂತಿಲ್ಲ. ದನಗಳ ಉಸಿರಿನ ತೇವ ತಣ್ಣಗಾದ ಶೀಟಿಗೆ ತಾಗಿ ನೀರಾಗಿ ಸಾಲುಸಾಲಾಗಿ ತೂಗುತ್ತಿತ್ತು. ಮನೆಯಲ್ಲೂ ಅಡುಗೆಯ ಹಬೆಗೆ ಇದೇ ಆಗುತ್ತದೆ. ಜನ ಅದನ್ನು ಸೋರಿಕೆ ಅಂದುಕೊಂಡು ಸ್ಕ್ರೂ ಬಿಗಿ ಮಾಡುತ್ತಾ ಕೂರುತ್ತಾರೆ. ಫಾಯಿಲ್ ಹಾಕಿ, ನಡುವಿನಲ್ಲಿ ಗಾಳಿ ಹೋಗಲು ದಾರಿ ಬಿಟ್ಟರೆ ತೊಂದರೆ ಬಹಳ ಕಡಿಮೆಯಾಗುತ್ತದೆ. ಮಲಗುವ ಕೋಣೆಗೆ ಒಂದಡಿ ಜಾಗ ಬಿಟ್ಟು ಫಾಲ್ಸ್ ಸೀಲಿಂಗ್ ಹಾಕಿದರೆ ಸೆಕೆಗೂ ಒಳ್ಳೇದು, ಮಳೆಯ ಸದ್ದಿಗೂ ಒಳ್ಳೇದು. ಎರಡು ಶೀಟಿನ ನಡುವೆ ಫೋಮ್ ತುಂಬಿದ ಪಫ್ ಪ್ಯಾನೆಲ್ ಇನ್ನೂ ತಂಪು, ಆದರೆ ದುಬಾರಿ. ನಮ್ಮ ಕೈಗೆ ಎಟುಕಲಿಲ್ಲ.

ಶೀಟು ಏರಿಸೋದು

ಬೆಳಗ್ಗೆ ಇಬ್ಬನಿ ಆರಿದ ಮೇಲೆ ಶುರು. ಒದ್ದೆ ಶೀಟು ಅಂದರೆ ಪಾಚಿ ಕಟ್ಟಿದ ಕಲ್ಯಾಣಿಯ ಮೆಟ್ಟಿಲು. ರಬ್ಬರ್ ತಳದ ಬೂಟು, ಗ್ಲೌಸು, ಮೈಗೆ ಹಾರ್ನೆಸ್. ಹಗ್ಗವನ್ನು ರಾಫ್ಟರಿಗೆ ಕಟ್ಟಿ, ಶೀಟಿಗಲ್ಲ. ಏಣಿ ನಾಲ್ಕಡಿ ಎತ್ತರಕ್ಕೆ ಒಂದಡಿ ದೂರ ಇರಲಿ. ಸೂರಿನುದ್ದಕ್ಕೂ ಸಾರುವೆ ಕಟ್ಟಿದರೆ ಕೆಲಸ ಅರ್ಧ ಹಗುರ.

ಯಾವ ತುದಿಯಿಂದ ಶುರು ಮಾಡಬೇಕು? ಆಷಾಢದ ಗಾಳಿ ನಮ್ಮ ಕಡೆ ಪಶ್ಚಿಮದಿಂದ ಬೀಸುತ್ತದೆ. ಆದ್ದರಿಂದ ಪೂರ್ವದ ತುದಿಯಿಂದ ಶುರು ಮಾಡಿ ಪಶ್ಚಿಮಕ್ಕೆ ಸಾಗಿ. ಪ್ರತಿ ಹೊಸ ಶೀಟು ಹಿಂದಿನದರ ಮೇಲೆ ಒಂದು ಉಬ್ಬು ಹತ್ತಿ ಕೂರುತ್ತದೆ, ತೆರೆದ ಅಂಚು ಪೂರ್ವಕ್ಕೆ ಮುಖ ಮಾಡುತ್ತದೆ. ಗಾಳಿ ಅದರೊಳಗೆ ನುಗ್ಗದೆ ಮೇಲೆ ಜಾರಿ ಹೋಗುತ್ತದೆ. ಶೀಟಿನ ಒಂದು ಪಕ್ಕದ ಉಬ್ಬಿನಲ್ಲಿ ಸಣ್ಣ ಕಾಲುವೆ ಇದ್ದರೆ ಆ ಪಕ್ಕ ಕೆಳಗೆ ಬರಬೇಕು. ಸೇರುವಲ್ಲಿ ಏರಿಬಂದ ನೀರು ಆ ಕಾಲುವೆಯಲ್ಲಿ ಇಳಿದು ಹೋಗಲಿ ಅಂತಲೇ ಅದನ್ನು ಮಾಡಿರುತ್ತಾರೆ.

ಮೊದಲ ಶೀಟಿಗೆ ಒಂದು ಗಂಟೆ ಹೋದರೂ ಪರವಾಗಿಲ್ಲ. ಸೂರಿನುದ್ದಕ್ಕೂ ದಾರ ಎಳೆಯಿರಿ, ಶೀಟಿನ ತುದಿ ಅದಕ್ಕೆ ತಾಗಲಿ. ಸೂರಿನ ಮೇಲೆ 3 ಅಡಿ, ಶೀಟಿನ ಪಕ್ಕದಲ್ಲಿ 4 ಅಡಿ ಗುರುತು ಮಾಡಿ, ಓರೆಗೆ 5 ಅಡಿ ಬಂದರೆ ಮೂಲೆ ಸರಿ. ಮೊದಲನೆಯದು ಕಾಲಿಂಚು ಓರೆಯಾದರೆ ಹತ್ತನೆಯದು ಎರಡೂವರೆ ಇಂಚು ಕೆಳಗೆ ಜಾರಿರುತ್ತದೆ. ನಾಲ್ಕು ಶೀಟಿಗೊಮ್ಮೆ ಮೇಲೆ, ಕೆಳಗೆ ಎರಡೂ ಕಡೆ ಅಗಲ ಅಳೆದು ನೋಡಿ.

ಗುರುತಿಗೆ ಪೆನ್ಸಿಲ್ ಬೇಡ. ಅದರ ಗ್ರಾಫೈಟ್ ಅಲ್ಯೂಮಿನಿಯಂ ಲೇಪನವನ್ನು ತಿನ್ನುತ್ತದೆ. ಮಾರ್ಕರ್ ಬಳಸಿ. ಕತ್ತರಿಸಲು ಗ್ರೈಂಡರ್ ಬೇಡ, ಅಂಚು ಸುಡುತ್ತದೆ. ಶೀಟು ಕತ್ತರಿಯೇ ಸಾಕು, ಕೈ ನೋಯುತ್ತೆ ಅಷ್ಟೇ.

ಇನ್ನು ಸ್ಕ್ರೂ. ಉಬ್ಬಿನ ಮೇಲೆ ಹೊಡೆಯಬೇಕಾ, ತಗ್ಗಿನಲ್ಲಾ? ಎರಡಕ್ಕೂ ವಾದ ಇದೆ. ತಗ್ಗಿನಲ್ಲಿ ಹೊಡೆದರೆ ಶೀಟು ಪೈಪಿಗೆ ಗಟ್ಟಿಯಾಗಿ ಅಂಟುತ್ತದೆ, ಆದರೆ ನೀರು ಹರಿಯೋದೂ ಅಲ್ಲೇ. ಮಾಡಿಗೆ ನಾನು ಉಬ್ಬೇ ಆರಿಸುತ್ತೇನೆ. ಉಬ್ಬು 28ರಿಂದ 30 ಎಂಎಂ ಎತ್ತರ ಇದ್ದರೆ 55 ಎಂಎಂ ಸ್ಕ್ರೂ ಸರಿ. ಕೆಳಗೆ ಸೂರಿನ ಸಾಲು, ಮೇಲೆ ರಿಡ್ಜಿನ ಸಾಲುಗಳಲ್ಲಿ ಪ್ರತಿ ಉಬ್ಬಿಗೂ ಒಂದು. ಮಧ್ಯದ ಎರಡು ಸಾಲಿನಲ್ಲಿ ಒಂದು ಬಿಟ್ಟು ಒಂದು. ಐದು ಉಬ್ಬಿನ ಶೀಟಿಗೆ 16 ಸ್ಕ್ರೂ, 20 ಶೀಟಿಗೆ 320. ಶೀಟು ಸೇರುವ ಕಡೆ ಒಂದೂವರೆ ಅಡಿಗೊಂದು ಸಣ್ಣ ಸ್ಕ್ರೂ. ಇಲ್ಲಿ ಕಂಜೂಸು ಬೇಡ.

ಬಿಗಿ ಎಷ್ಟು ಅನ್ನೋದು ಕೈಗೆ ಬರಬೇಕು. ಕ್ಲಚ್ ಇರುವ ಸ್ಕ್ರೂ ಮೆಷೀನಿಗೆ 8 ಎಂಎಂ ಸಾಕೆಟ್ ಹಾಕಿ, ನೆಟ್ಟಗೆ ಹಿಡಿದು ಒತ್ತಿ. ಶೀಟು ತೂತಾಗುವಾಗ ಕಿರ್ ಅನ್ನುತ್ತದೆ, ಪೈಪು ಸಿಕ್ಕಾಗ ಸದ್ದು ದಪ್ಪವಾಗುತ್ತದೆ, ಆಮೇಲೆ ಕಚ್ಚಿಕೊಂಡು ಇಳಿಯುತ್ತದೆ. ಲೋಹದ ತಟ್ಟೆಯ ಸುತ್ತ ರಬ್ಬರ್ ಸ್ವಲ್ಪವೇ ಉಬ್ಬಿ ಕಂಡಾಗ ನಿಲ್ಲಿಸಿ. ರಬ್ಬರ್ ಹೊರಗೆ ಹಿಂಡಿ ಬಂದರೆ ಜಾಸ್ತಿಯಾಯಿತು. ಉಬ್ಬು ಕುಸಿದರೆ ತೀರಾ ಜಾಸ್ತಿ. ಸ್ಕ್ರೂ ಗಾಳಿಯಲ್ಲಿ ಗಿರಗಿರ ತಿರುಗಿದರೆ ಪೈಪು ತಪ್ಪಿದೆ. ಅದನ್ನು ತೆಗೆದು ಆ ತೂತಿಗೆ ನ್ಯೂಟ್ರಲ್ ಸಿಲಿಕಾನ್ ತುಂಬಿ. ವಿನೆಗರ್ ವಾಸನೆಯ ಸಿಲಿಕಾನ್ ಲೋಹಕ್ಕೆ ಆಗದು. ಪೈಪು ತಪ್ಪದಿರಲು ಎರಡು ತುದಿಯಲ್ಲಿ ಪೈಪಿನ ನೇರ ಗುರುತಿಸಿ ದಾರ ಎಳೆಯಿರಿ. ನಾನು ಮೊದಲ ಎರಡು ಶೀಟಿಗೆ ಕಣ್ಣಂದಾಜು ನಂಬಿ ಏಳು ತೂತು ಸುಮ್ನೆ ಮಾಡಿದೆ.

ಮೇಲೆ ನಡೆಯುವಾಗ ಹೆಜ್ಜೆ ತಗ್ಗಿನಲ್ಲಿ, ಸ್ಕ್ರೂ ಸಾಲಿನ ಮೇಲೆ. ಸಂಜೆ ಇಳಿಯುವ ಮುಂಚೆ ಮೃದು ಪೊರಕೆಯಲ್ಲಿ ಕೊರೆದ ಚೂರುಗಳನ್ನೆಲ್ಲ ಗುಡಿಸಿ. ಒಂದು ರಾತ್ರಿ ಇಬ್ಬನಿಗೆ ಅವು ತುಕ್ಕು ಹಿಡಿದು ಬಿಳಿ ಶೀಟಿನ ಮೇಲೆ ಕಲೆ ಬಿಡುತ್ತವೆ. ಆ ದಿನ ಏರಿಸಿದ ಶೀಟಿಗೆ ಆ ದಿನವೇ ಎಲ್ಲ ಸ್ಕ್ರೂ ಹೊಡೆದು ಇಳಿಯಿರಿ.

ನಡು, ಅಂಚು, ಗೋಡೆ ಸೇರುವ ಜಾಗ

ರಿಡ್ಜ್ ಕ್ಯಾಪ್ ಹಾಕುವ ಮುಂಚೆ ಶೀಟಿನ ಮೇಲಿನ ತುದಿಯಲ್ಲಿ ತಗ್ಗುಗಳನ್ನು ಇಕ್ಕಳದಿಂದ ಸ್ವಲ್ಪ ಮೇಲಕ್ಕೆ ಬಗ್ಗಿಸಿ, ಗಾಳಿ ತಳ್ಳಿದ ನೀರು ಒಳಗೆ ಇಳಿಯದು. ಕ್ಯಾಪು ಎರಡೂ ಕಡೆ 6 ಇಂಚಾದರೂ ಶೀಟಿನ ಮೇಲೆ ಬರಲಿ, ತುಂಡುಗಳು ಒಂದರ ಮೇಲೊಂದು 6 ಇಂಚು. ಪಕ್ಕದ ಅಂಚಿಗೆ ಎಲ್ ಆಕಾರದ ಪಟ್ಟಿ ಬಿಟ್ಟುಬಿಡಬೇಡಿ, ಗಾಳಿ ಮೊದಲು ಹಿಡಿಯೋದು ಆ ಅಂಚನ್ನೇ.

ಶೀಟು ಎತ್ತರದ ಗೋಡೆಗೆ ತಾಗುವ ಕಡೆ ಗಾರೆ ಮೆತ್ತುವ ಅಭ್ಯಾಸ ನಮ್ಮಲ್ಲಿದೆ. ಬೇಡ. 12 ಅಡಿಯ ಶೀಟು ರಾತ್ರಿಯ ತಂಪಿನಿಂದ ಮಧ್ಯಾಹ್ನದ ಬಿಸಿಲಿಗೆ ಎರಡು ಎಂಎಂ ಹತ್ತಿರ ಹಿಗ್ಗುತ್ತದೆ, ಗಾರೆ ಹಿಗ್ಗೋದಿಲ್ಲ, ಬಿರುಕು ಬಿಡುತ್ತದೆ. ಹಸಿ ಸಿಮೆಂಟು ಲೇಪನವನ್ನೂ ತಿನ್ನುತ್ತದೆ. ಗೋಡೆಯಲ್ಲಿ ಅರ್ಧ ಇಂಚು ಗೀರು ಕೊರೆದು, ಶೀಟಿನದೇ ಪಟ್ಟಿಯನ್ನು ಅದರೊಳಗೆ ಸಿಕ್ಕಿಸಿ, ಮೇಲೆ ಸೀಲೆಂಟ್ ಹಾಕಿ.

ಸೋಲಾರ್ ವಾಟರ್ ಹೀಟರ್ ಇರುವವರು ಒಂದು ನೋಡಿಕೊಳ್ಳಿ. ತಾಮ್ರದ ಪೈಪಿನಿಂದ ತೊಟ್ಟಿಕ್ಕುವ ನೀರು ಶೀಟಿನ ಮೇಲೆ ಬೀಳಬಾರದು. ತಾಮ್ರ ಸೇರಿದ ನೀರು ಈ ಲೇಪನಕ್ಕೆ ವಿಷ. ಒಂದು ಪ್ಲಾಸ್ಟಿಕ್ ಪೈಪ್ ಸಿಕ್ಕಿಸಿ ನೇರ ಗಟರಿಗೆ ಬಿಡಿ.

ಗಟರು, ಮಳೆನೀರು

ಶೀಟು ಗಟರಿನೊಳಗೆ 2 ಇಂಚು ಚಾಚಲಿ. ಗಟರಿಗೆ 10 ಅಡಿಗೆ ಒಂದು ಇಂಚು ವಾಟ, ಕೊಕ್ಕೆ ಎರಡೂವರೆ ಅಡಿಗೊಂದು, ಇಳಿಯುವ ಪೈಪು 4 ಇಂಚು.

ಈ ನೀರನ್ನು ಚರಂಡಿಗೆ ಬಿಡಬೇಡಿ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅನ್ನೋದು ನಮಗೆಲ್ಲ ಗೊತ್ತು. ಮಾಡಿನ ಮೇಲೆ ಬೀಳುವ ಮಳೆಗೆ ಆ ಕಾಟ ಇಲ್ಲ. ನಮ್ಮ ಮಾಡು ನೆಲದ ಲೆಕ್ಕದಲ್ಲಿ 68 ಚದರ ಮೀಟರ್. 20 ಎಂಎಂ ಮಳೆ ಬಂದರೆ 1,360 ಲೀಟರ್ ಬೀಳುತ್ತದೆ, ಪೋಲಾಗಿ 1,100 ಲೀಟರ್ ಆದರೂ ತೊಟ್ಟಿಗೆ ಸೇರುತ್ತದೆ. ಮೊದಲ ಹತ್ತು ನಿಮಿಷದ ಧೂಳು, ಹಕ್ಕಿ ಹಿಕ್ಕೆಯ ನೀರನ್ನು ಬೇರೆ ಪೈಪಿಗೆ ಬಿಟ್ಟು, ಆಮೇಲೆ ಫಿಲ್ಟರ್ ಮೂಲಕ ತೊಟ್ಟಿಗೆ ತಿರುಗಿಸಿ. ಕುಡಿಯಲು ಬಳಸುವುದಾದರೆ ಕುದಿಸಿ.

ಮೊದಲ ಮಳೆ ಬಂದಾಗ

ಮೊದಲ ಜೋರು ಮಳೆಗೆ ಟಾರ್ಚ್ ಹಿಡಿದು ಒಳಗೆ ಸುತ್ತಿ. ಫಾಯಿಲ್ ಇದ್ದರೆ ನೀರು ತೂತಿನ ಕೆಳಗೇ ಬೀಳೋದಿಲ್ಲ, ಜಾರಿಕೊಂಡು ಕೆಳಗಿನ ಪೈಪಿನ ಹತ್ತಿರ ಕಾಣಿಸುತ್ತದೆ. ಅಲ್ಲಿಂದ ನೇರ ಮೇಲಕ್ಕೆ ಹುಡುಕಿ. ನಮಗೆ ಎರಡು ಕಡೆ ಹನಿ ಕಂಡಿತು. ಎರಡೂ ಓರೆಯಾಗಿ ಕೂತ ಸ್ಕ್ರೂಗಳು. ಮೇಲೆ ಸಿಲಿಕಾನ್ ಮೆತ್ತಿದರೆ ಒಂದು ಬೇಸಿಗೆ ಬಾಳುತ್ತದೆ ಅಷ್ಟೇ. ಆ ಸ್ಕ್ರೂ ಬಿಚ್ಚಿ, ಅದೇ ತೂತಿಗೆ 6.3 ಎಂಎಂನ ದಪ್ಪ ಸ್ಕ್ರೂವನ್ನು ಹೊಸ ವಾಷರಿನೊಂದಿಗೆ ನೆಟ್ಟಗೆ ಇಳಿಸಿ.

ಮಳೆ ನಿಂತ ಸಂಜೆ ಮಾಡಿನಿಂದ ಟಣ್ ಟಣ್ ಸದ್ದು ಬರುತ್ತದೆ. ಕಾದ ಶೀಟು ತಣ್ಣಗಾಗಿ ಕುಗ್ಗುವ ಸದ್ದು ಅದು, ಸ್ಕ್ರೂ ಸಡಿಲವಾದದ್ದಲ್ಲ. ವರ್ಷಕ್ಕೊಮ್ಮೆ, ಯುಗಾದಿಗೆ ಮನೆ ತೊಳೆಯುವ ಹೊತ್ತಿಗೆ ಮೇಲೆ ಹತ್ತಿ ಗಟರಿನ ಎಲೆ ತೆಗೆಯಿರಿ, ವಾಷರ್ ಬಿರುಕು ಬಿಟ್ಟಿದೆಯಾ ನೋಡಿ. ಕೋತಿಗಳು ರಿಡ್ಜ್ ಕ್ಯಾಪಿನ ತುದಿ ಎಬ್ಬಿಸಿವೆಯಾ ಅಂತಲೂ ನೋಡಿ. ಇಳಿದ ಮೇಲೆ ಒಳಗೆ ಹೋಗಿ ರಾಫ್ಟರ್ ಕಾಲಿನ ಎಲ್ಲ ಬೋಲ್ಟುಗಳಿಗೂ ಒಮ್ಮೆ ಸ್ಪ್ಯಾನರ್ ಹಾಕಿ ನೋಡಿ.